ನಾಲ್ಕು ಪಟ್ಟಿಗಳ ಮೇಲೆ ಕಣ್ಣು

ಪಂಚಮಿಗೆ ಧಾರವಾಡದ ತವರಿಗೆ ಹೋಗಿದ್ದೆ. ಮಧ್ಯಾಹ್ನ ಉಂಡಿಯ ಡಬ್ಬಿ ನಡುವೆ ಇಟ್ಟುಕೊಂಡು ಎಲ್ಲರೂ ಕೂತಿದ್ದಾಗ ಚಿಗವ್ವನ ಮಗ ನನ್ನನ್ನು ಹೊಗಳಲು ಶುರುಮಾಡಿದ. “ನಮ್ಮಕ್ಕ ಆಟದಾಗ ಹೀಲರ್. ಯಾರನ್ನೂ ಸಾಯಾಕ ಬಿಡೂದಿಲ್ಲ. ಹೆಣ್ಮಕ್ಕಳಿಗೆ ಅದು ಹುಟ್ಟಿನಿಂದನ ಬಂದಿರ್ತದ ನೋಡ್ರಿ, ಮಂದೀನ ಜ್ವಾಪಾನ ಮಾಡೂದು.” ಪ್ರೀತಿಯಿಂದಲೇ ಹೇಳಿದ. ಅವನ ಮಾತು ಮುಗಿಯುತ್ತಲೇ ಚಿಗವ್ವ ನನ್ನ ಕಡೆ ಕನಿಕರದಿಂದ ನೋಡಿ, “ಅಲ್ಲಿ ಹೋದ್ರೂ ನಿನಗ ಅದ ಕೆಲಸ ಏನವಾ?” ಎಂದಳು. ಎಲ್ಲರೂ ನಕ್ಕರು, ಮಾತು ಮಳೆಯ ಕಡೆಗೆ, ಹೆಸರುಬೆಳೆಯ ಕಡೆಗೆ ಹೊರಳಿತು. ನನ್ನ ತಲೆಯಿಂದ ಮಾತ್ರ ಅದು ಇನ್ನೂ ಹೋಗಿಲ್ಲ. ಒಬ್ಬರದು ಹೊಗಳಿಕೆ, ಇನ್ನೊಬ್ಬರದು ಮರುಕ. ಆದರೆ ಇಬ್ಬರೂ ಒಂದೇ ವಿಷಯವನ್ನು ನಂಬಿದ್ದಾರೆ: ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅಭ್ಯಾಸವೇ ಆಟದೊಳಗೂ ನನ್ನ ಜೊತೆ ಬಂದಿದೆ ಎಂದು.

ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆಯ ಆಫೀಸು ಮುಗಿಸಿ, ಮನೆಯ ಊಟ ಆದ ಮೇಲೆ ನಾನು ಆಡುವುದು ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ವಿಡಿಯೊ ಗೇಮ್. ಮೊದಲು ಜೊತೆಗಾರರ ಗಾಯಕ್ಕೆ ಮದ್ದು ಹಾಕುವ ಹೀಲರ್ ಆಗಿ ವೈಟ್ ಮೇಜ್, ಈಚೆಗೆ ಶತ್ರುವಿನ ಏಟನ್ನು ತನ್ನ ಮೇಲೆ ಎಳೆದುಕೊಳ್ಳುವ ಟ್ಯಾಂಕ್ ಆಗಿ ಪ್ಯಾಲಡಿನ್. ಖಡ್ಗ ಬೀಸುವ, ಬೆಂಕಿ ಎಸೆಯುವ ಡ್ಯಾಮೇಜ್ ಪಾತ್ರಗಳನ್ನೂ ಆಡಿ ನೋಡಿದ್ದೇನೆ. ಬೇಸರವೇನಿಲ್ಲ, ಆದರೆ ಆಡುತ್ತಾ ಆಡುತ್ತಾ ಕಣ್ಣು ನನ್ನ ಗುಂಡಿಗಳ ಮೇಲೆಯೇ ನೆಟ್ಟಿರುತ್ತದೆ. ಮುಂದಿನ ಗುಂಡಿ ಯಾವುದು, ಅದರ ಮುಂದಿನದು ಯಾವುದು, ಅಷ್ಟೇ ಲೋಕ. ಹೀಲರ್ ಆಗಿ ಕೂತ ಗಳಿಗೆಯಲ್ಲಿ ಪರದೆ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ. ಎಡಗಡೆ ನಮ್ಮ ತಂಡದ ನಾಲ್ಕು ಜನರ ಜೀವ ಎಷ್ಟು ಉಳಿದಿದೆ ಎಂದು ತೋರಿಸುವ ಹೆಲ್ತ್ ಪಟ್ಟಿಗಳು, ನಡುವೆ ಬಾಸ್ ಎಂಬ ದೊಡ್ಡ ಶತ್ರು, ಬಾಸ್ ಏನು ಮಾಡಲು ಹೊರಟಿದೆ ಎಂದು ಹೇಳುವ ಪಟ್ಟಿ, ನೆಲದ ಮೇಲೆ ಮೂಡುವ ಕಿತ್ತಳೆ ಗುರುತು, ಯಾರು ಆ ಗುರುತಿನೊಳಗೆ ನಿಂತಿದ್ದಾರೆ, ಯಾರು ಸರಿಯುತ್ತಾರೆ, ಯಾರು ಸರಿಯುವುದಿಲ್ಲ. ಆ ಇಡೀ ಕಾಳಗ ಕಣ್ಣೊಳಗೆ ತುಂಬಿಕೊಳ್ಳುತ್ತದೆ. ನನಗೆ ಬೇಕಾದದ್ದು ಅದು. ಅದನ್ನು ತ್ಯಾಗ ಎಂದು ಕರೆಯುವವರನ್ನು ನಾನು ಒಪ್ಪಲಾರೆ, ಯಾಕೆಂದರೆ ಆ ಹೊತ್ತಿನಲ್ಲಿ ನಾನು ಏನನ್ನೂ ಬಿಟ್ಟುಕೊಡುತ್ತಿಲ್ಲ. ಆ ನಾಲ್ವರಲ್ಲಿ ಎಲ್ಲಕ್ಕಿಂತ ಹೆಚ್ಚು ಆಟ ಸಿಗುತ್ತಿರುವುದು ನನಗೇ.

ಏಟು ಬೀಳೋ ಮೊದಲು

ಹೀಲರ್ ಎಂದರೆ ಗಾಯ ಆದಮೇಲೆ ಮದ್ದು ಹಚ್ಚುವವರು ಅಂತ ಹೊರಗಿನವರು ತಿಳಿಯುತ್ತಾರೆ. ಆಡುವವರಿಗೆ ಗೊತ್ತು, ಗಾಯ ನೋಡಿ ಕೈ ಎತ್ತಿದರೆ ಅರ್ಧಕ್ಕರ್ಧ ಸಲ ತಡವಾಗಿಹೋಗಿರುತ್ತದೆ. ಈ ಆಟದಲ್ಲಿ ಒಂದು ಮಂತ್ರ ಹಾಕಿದರೆ ಮುಂದಿನದಕ್ಕೆ ಎರಡೂವರೆ ಸೆಕೆಂಡು ಕಾಯಬೇಕು. ಅದರ ಮೇಲೆ, ಭಾರತದಲ್ಲಿ ಇದರ ಸರ್ವರ್ ಇಲ್ಲ. ಜಪಾನಿನದನ್ನೋ ಯುರೋಪಿನದನ್ನೋ ಹಿಡಿದುಕೊಂಡು ಆಡಬೇಕು. ನಾನು ಹುಬ್ಬಳ್ಳಿಯಲ್ಲಿ ಗುಂಡಿ ಒತ್ತಿದ್ದು ಸಮುದ್ರ ದಾಟಿ ಹೋಗಿ ಮುಟ್ಟಿ, ಅಲ್ಲಿಂದ ಉತ್ತರ ಬರಬೇಕು. ಬಾಸ್‌ನ ಏಟು ಯಾರಿಗೆ ತಾಗಿತು ಎಂಬುದು, ಅದು ಏನು ಮಾಡಲು ಹೊರಟಿದೆ ಎಂದು ಹೇಳುವ ಪಟ್ಟಿ ತುಂಬಿದ ಕ್ಷಣಕ್ಕೇ ಸರ್ವರ್‌ನಲ್ಲಿ ತೀರ್ಮಾನವಾಗಿಬಿಟ್ಟಿರುತ್ತದೆ. ಕಣ್ಣಿಗೆ ಕಾಣುವ ಬೆಂಕಿ, ಸಿಡಿಲು ಎಲ್ಲ ಆಮೇಲೆ. ಹಾಗಾಗಿ ನಮ್ಮ ಕಡೆಯಿಂದ ಆಡುವ ಹೀಲರ್ ಕಾಣುವುದನ್ನು ನಂಬಿ ಕೂಡುವಂತಿಲ್ಲ, ಬರಲಿರುವುದನ್ನು ಓದಲು ಕಲಿಯಬೇಕು. ಟ್ಯಾಂಕಿಗೆ ದೊಡ್ಡ ಏಟು ಬೀಳುವ ಹೊತ್ತಿಗೆ ನನ್ನ ಮಂತ್ರ ಆಗಲೇ ಅರ್ಧ ದಾರಿಯಲ್ಲಿರಬೇಕು. ಏಟು ಬಿತ್ತು, ಪಟ್ಟಿ ಕೆಳಗಿಳಿಯಿತು, ಕೆಳಗಿಳಿದ ಕ್ಷಣವೇ ಮೇಲೆದ್ದಿತು. ಬೇರೆಯವರಿಗೆ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಆ ‘ಏನೂ ಆಗದಿರುವುದು’ ನನ್ನ ಕೆಲಸ.

ಈ ಲೆಕ್ಕಾಚಾರ ಹಳೆಯದು. 1999ರ ಎವರ್‌ಕ್ವೆಸ್ಟ್ ಎಂಬ ಆಟದಲ್ಲಿ ಕ್ಲೆರಿಕ್ ಎಂಬ ಹೀಲರ್‌ಗಳಿಗೆ ಕಂಪ್ಲೀಟ್ ಹೀಲ್ ಎಂಬ ಮಂತ್ರವಿತ್ತು. ಬಹಳ ದೊಡ್ಡ ಮದ್ದು, ಆದರೆ ಹಾಕಲು 10 ಸೆಕೆಂಡು ಬೇಕು. ದೊಡ್ಡ ಬಾಸ್ ಎದುರು 10 ಸೆಕೆಂಡಿನಲ್ಲಿ ಟ್ಯಾಂಕ್ ಎರಡು ಸಲ ಸಾಯಬಹುದು. ಅದಕ್ಕೆ ಆ ಕಾಲದ ಆಟಗಾರರು ಒಂದು ಉಪಾಯ ಮಾಡಿಕೊಂಡರು. ಕ್ಲೆರಿಕ್‌ಗಳಿಗೆಲ್ಲ ಸರದಿ ಸಂಖ್ಯೆ ಕೊಟ್ಟು, ಒಬ್ಬರು ಶುರುಮಾಡಿದ ಕೆಲವೇ ಸೆಕೆಂಡಿಗೆ ಮುಂದಿನವರು, ಅವರ ಹಿಂದೆ ಮತ್ತೊಬ್ಬರು, ಹೀಗೆ ಸರಪಳಿ ಕಟ್ಟಿದರು. ಯಾರೂ ಟ್ಯಾಂಕಿನ ಸ್ಥಿತಿ ನೋಡಿ ಮಂತ್ರ ಹಾಕುತ್ತಿರಲಿಲ್ಲ, ತಮ್ಮ ಸರದಿ ಬಂದಾಗ ಹಾಕುತ್ತಿದ್ದರು. ಒಬ್ಬರು ತಪ್ಪಿದರೆ ಸರಪಳಿ ಹರಿಯಿತು, ಎಲ್ಲರೂ ಸತ್ತರು. ಇದರಲ್ಲಿ ಹುಟ್ಟಿನಿಂದ ಬಂದ ಮಮತೆ ಎಲ್ಲಿದೆ? ಕಾಲದ ಲೆಕ್ಕವಿದೆ, ಪಕ್ಕದವರ ಮೇಲೆ ಭರವಸೆಯಿದೆ, ಗಾಬರಿಯಾಗದೆ ಕಾಯುವ ಕಸುವಿದೆ.

ಎಬ್ಬಿಸದ ರಾತ್ರಿ

ಒಂದು ರಾತ್ರಿ ನೆನಪಾಗುತ್ತದೆ. ಶ್ರಾವಣದ ಜಿಟಿಜಿಟಿ ಮಳೆ, ಸಂಜೆಯಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ರೌಟರನ್ನು ಇನ್ವರ್ಟರ್‌ಗೆ ಹಾಕಿ ಕೂತಿದ್ದೆ. ನಾವು ಮೂವರು ಡಿಸ್ಕಾರ್ಡ್‌ನಲ್ಲಿ ಮಾತಾಡುತ್ತಾ ಆಡುವವರು: ನಾನು ಹೀಲರ್, ಗದಗಿನ ಒಬ್ಬ ಹುಡುಗ ಪ್ಯಾಲಡಿನ್, ಬೆಂಗಳೂರಿನಲ್ಲಿರುವ ಚಿಗವ್ವನ ಮಗ ಭರ್ಚಿ ಹಿಡಿದ ಡ್ರಾಗೂನ್. ನಾಲ್ಕನೆಯವರು ಸರ್ವರ್ ಹುಡುಕಿಕೊಟ್ಟ ಜಪಾನಿನ ಯಾರೋ ಆಟಗಾರ, ಬಂದಕೂಡಲೇ ‘ಯೊರೊಶಿಕು’ ಎಂದು ನಮಸ್ಕಾರ ಹಾಕಿದ್ದರು. 50ನೇ ಲೆವೆಲ್‌ನ ಹಳೆಯ ಡಂಜನ್ (ಶತ್ರುಗಳ ಗುಂಪುಗಳನ್ನು ದಾಟುತ್ತಾ ಬಾಸ್‌ವರೆಗೆ ಹೋಗುವ ತಾಣ), ಕೊನೆಯ ಬಾಸ್. ಅರ್ಧ ದಾಟಿ, ಮುಕ್ಕಾಲು ದಾಟಿ, ಬಾಸ್‌ನ ಜೀವ ಇನ್ನು ಸ್ವಲ್ಪವೇ ಉಳಿದಿದೆ ಅನ್ನುವಾಗ ನೆಲದ ಮೇಲೆ ದೊಡ್ಡ ಗುರುತು ಬಿತ್ತು, ಡ್ಯಾಮೇಜ್ ಮಾಡುತ್ತಿದ್ದ ಇಬ್ಬರೂ ಒಟ್ಟಿಗೇ ಬಿದ್ದರು.

“ಅಕ್ಕಾ, ಎಬ್ಬಸು ನನ್ನ! ಲಗೂನ ಎಬ್ಬಸು!” ಎಂದು ತಮ್ಮ ಕೂಗಿದ.

ಸತ್ತವರನ್ನು ಎಬ್ಬಿಸುವ ಮಂತ್ರ ನನ್ನ ಹತ್ತಿರ ಇತ್ತು. ಅದನ್ನು ಹಾಕಲು 8 ಸೆಕೆಂಡು ನಿಂತಲ್ಲೇ ನಿಲ್ಲಬೇಕು. ಕಾಯದೆ ತಕ್ಷಣ ಹಾಕಲು ಬಿಡುವ ಸ್ವಿಫ್ಟ್‌ಕಾಸ್ಟ್ ಕೌಶಲವನ್ನು ಆಗಲೇ ಬಳಸಿಯಾಗಿತ್ತು. ಮಾನಾ, ಅಂದರೆ ಮಂತ್ರ ಹಾಕಲು ಬೇಕಾದ ಶಕ್ತಿ, ಪೂರ್ತಿ ತುಂಬಿದ್ದರೆ 10,000, ಎಬ್ಬಿಸಲು ಅದರಲ್ಲಿ 2,400 ಹೋಗುತ್ತದೆ. ನನ್ನಲ್ಲಿ ಆಗ ಅದಕ್ಕಿಂತ ಸ್ವಲ್ಪವೇ ಹೆಚ್ಚು ಉಳಿದಿತ್ತು. ಎಬ್ಬಿಸಿದರೂ ಎದ್ದವನು ಹೊತ್ತುಗಟ್ಟಲೆ ನಿಶ್ಶಕ್ತಿಯಲ್ಲಿ ಹೊಡೆಯುತ್ತಾನೆ. ಆ 8 ಸೆಕೆಂಡಿನಲ್ಲಿ ಟ್ಯಾಂಕಿಗೆ ಬೀಳುವ ಏಟುಗಳನ್ನು ಎಣಿಸಿದೆ. ಆಗುವುದಿಲ್ಲ. “ಇಲ್ಲ, ಎಬ್ಬಸೂದಿಲ್ಲ. ಸುಮ್ನ ಮಲಕೊ” ಎಂದೆ. ಆ ಕಡೆಯಿಂದ ತಮ್ಮನ ದನಿ ನಿಂತಿತು.

ಆಮೇಲಿನ ಹೊತ್ತು ಇಬ್ಬರದೇ. ಗದಗಿನ ಹುಡುಗ ಮತ್ತು ನಾನು. ಪ್ಯಾಲಡಿನ್ ಒಬ್ಬನೇ ಹೊಡೆದು ಬಾಸ್‌ನ ಜೀವ ಕರಗಿಸುವುದೆಂದರೆ ನಿಧಾನ. ಅವನು ಹಾಲೋಡ್ ಗ್ರೌಂಡ್ ಹಾಕಿಕೊಂಡ, 10 ಸೆಕೆಂಡು ಅವನಿಗೆ ಏನೂ ತಾಗುವುದಿಲ್ಲ. ಆ 10 ಸೆಕೆಂಡು ನಾನು ಒಂದು ಗುಂಡಿಯನ್ನೂ ಒತ್ತಲಿಲ್ಲ. ಮಾನಾ ತಾನಾಗಿ ಏರಲಿ ಎಂದು ಬಿಟ್ಟೆ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಮತ್ತೆ ಏಟು ಶುರು. ಸಣ್ಣ ಮದ್ದು, ಕಾಯುವುದು, ಸಣ್ಣ ಮದ್ದು. ನನ್ನಲ್ಲಿ ಬೆನೆಡಿಕ್ಷನ್ ಉಳಿದಿತ್ತು. ಮಾನಾ ಬೇಡದೆ ಒಂದೇ ಸಲಕ್ಕೆ ಪೂರ್ತಿ ಜೀವ ತುಂಬುವ ಕೌಶಲ, ಒಮ್ಮೆ ಬಳಸಿದರೆ ಮೂರು ನಿಮಿಷ ಇಲ್ಲ. ಅದರ ಪೂರ್ತಿ ಬೆಲೆ ಸಿಗುವುದು ಟ್ಯಾಂಕ್ ಸಾಯುವ ಅಂಚಿನಲ್ಲಿದ್ದಾಗ ಮಾತ್ರ. ಆದರೆ ಹುಬ್ಬಳ್ಳಿಯಿಂದ ಆಡುವಾಗ ಆ ಅಂಚನ್ನು ತುಸು ಮೊದಲೇ ಗುರುತಿಸಬೇಕು. ಅವನ ಪಟ್ಟಿ ಇಳಿಯಿತು, ಇನ್ನೂ ಇಳಿಯಿತು. ತಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು. ಇನ್ನೊಂದು ಸಣ್ಣ ಏಟನ್ನು ಬಿಟ್ಟೆ. ಒತ್ತಿದೆ. ಪಟ್ಟಿ ತುಂಬಿತು. ಉಳಿದ ಜೀವವನ್ನು ಆ ಹುಡುಗ ಒಂದೊಂದೇ ಏಟಿನಲ್ಲಿ ಕಡಿದು ಮುಗಿಸಿದ.

ಬಾಸ್ ಬಿದ್ದಮೇಲೆ ಅವನು ಹೇಳಿದ್ದು ಇಷ್ಟೇ: “ಅಕ್ಕಾರ, ನೀವು ಕೈ ಎತ್ತದ ಸುಮ್ನ ನಿಂತ್ರಲ್ಲ, ಆವಾಗ ನನಗ ಧೈರ್ಯ ಬಂತು.” ಜಪಾನಿನ ಆಟಗಾರ ಹೋಗುವ ಮುನ್ನ ಅವನಿಗೋ ನನಗೋ ಮೆಚ್ಚುಗೆ ಕೊಟ್ಟು ಹೋದರು. ಡಂಜನ್ ಮುಗಿದಾಗ ಒಬ್ಬರಿಗೆ ಮಾತ್ರ ಮೆಚ್ಚುಗೆ ಕೊಡಬಹುದು, ಯಾರು ಕೊಟ್ಟರೆಂದು ಆಟ ತೋರಿಸುವುದಿಲ್ಲ. ತಮ್ಮ ಮಾತ್ರ ಕೊಂಚ ಮುನಿಸಿಕೊಂಡಿದ್ದ. ಮಂದಿಯನ್ನು ಜೋಪಾನ ಮಾಡುವುದು ನನ್ನ ಹುಟ್ಟುಗುಣವಾಗಿದ್ದರೆ ಮೊದಲು ಅವನನ್ನೇ ಎಬ್ಬಿಸುತ್ತಿದ್ದೆ, ಎಲ್ಲರೂ ಸಾಯುತ್ತಿದ್ದೆವು. ಕೂಗುವವರ ಕಡೆ ನೋಡದೆ ಯಾರು ಉಳಿದರೆ ಎಲ್ಲರೂ ಉಳಿಯುತ್ತಾರೋ ಅವರನ್ನು ನೋಡುವುದಕ್ಕೆ ಮನಸ್ಸನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಇದರ ಇನ್ನೊಂದು ಮುಖವನ್ನು ತೋರಿಸಿದ್ದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿ 2005ರ ಸೆಪ್ಟೆಂಬರ್‌ನಲ್ಲಿ ನಡೆದ ಘಟನೆ. ಜುಲ್‌ಗುರುಬ್ ಎಂಬ ಕಡೆ ಹಕ್ಕರ್ ಎಂಬ ಬಾಸ್ ಆಟಗಾರರಿಗೆ ಹಚ್ಚುತ್ತಿದ್ದ ‘ಕರಪ್ಟೆಡ್ ಬ್ಲಡ್’ ಶಾಪ, ಆಟಗಾರರ ಸಾಕುಪ್ರಾಣಿಗಳ ಮೂಲಕ ಹೊರಬಿದ್ದು ಊರೂರಿಗೆ ಅಂಟಿತು. ಕಡಿಮೆ ಲೆವೆಲ್‌ನವರು ಕ್ಷಣದಲ್ಲಿ ಸಾಯುತ್ತಿದ್ದರು. ಹೀಲರ್‌ಗಳು ತಾವಾಗಿಯೇ ಪಟ್ಟಣಗಳಿಗೆ ಬಂದು ಸೋಂಕಿತರಿಗೆ ಮದ್ದು ಹಾಕುತ್ತಾ ನಿಂತರು. 2007ರಲ್ಲಿ ಲ್ಯಾನ್ಸೆಟ್‌ನ ಸೋಂಕುರೋಗಗಳ ಪತ್ರಿಕೆಯಲ್ಲಿ ಇದರ ಬಗ್ಗೆ ಸಂಶೋಧನಾ ಲೇಖನವೇ ಬಂತು. ಅವರ ಒಳ್ಳೆಯತನದ ಬಗ್ಗೆ ನನಗೆ ಗೌರವವಿದೆ. ಆದರೆ ಮದ್ದಿನಿಂದ ಬದುಕುಳಿದ ಸೋಂಕಿತರು ಇನ್ನಷ್ಟು ಹೊತ್ತು ಓಡಾಡಿ ಇನ್ನಷ್ಟು ಜನಕ್ಕೆ ಅಂಟಿಸಿರಬಹುದು ಎಂಬುದೂ ಅಷ್ಟೇ ನಿಜ. ಒಳ್ಳೆಯ ಮನಸ್ಸು ಒಂದೇ ಇದ್ದರೆ ಹೀಲರ್ ಆಗಲು ಸಾಲದು.

ಬಾಸ್‌ನ ಬೆನ್ನು ಯಾವ ಕಡೆಗೆ

ಟ್ಯಾಂಕ್ ಆಗಬೇಕೆಂದು ನನಗೆ ಅನ್ನಿಸಿದ್ದು ಆ ಗದಗಿನ ಹುಡುಗನನ್ನು ನೋಡಿ. ಹೀಲರ್ ಆಗಿ ಟ್ಯಾಂಕಿನ ಬೆನ್ನ ಹಿಂದೆ ಅಷ್ಟು ಕಾಲ ನಿಂತಿದ್ದರಿಂದ ಯಾವ ಟ್ಯಾಂಕ್ ಒಳ್ಳೆಯವರು ಎಂಬುದು ನನಗೆ ಕಣ್ಣಳತೆಯಲ್ಲೇ ತಿಳಿಯುತ್ತಿತ್ತು. ಅವರು ಹೆಚ್ಚು ಅಲುಗಾಡುವುದಿಲ್ಲ. ಬಾಸ್ ಎದುರು ಬಂದಕೂಡಲೇ ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಬೆನ್ನನ್ನು ಗೆಳೆಯರಿಗೆ ಕೊಡುತ್ತಾರೆ. ಬಾಸ್ ಮುಂದಕ್ಕೆ ಬೀಸುವ ಏಟು ಟ್ಯಾಂಕಿಗೆ ಮಾತ್ರ ಬೀಳಬೇಕು, ಹಿಂದಿನಿಂದ ಹೊಡೆಯುವವರಿಗೆ ಹೊಡೆಯಲು ಜಾಗ ಬೇಕು. ಬಾಸ್ ನಿಂತಲ್ಲೇ ನಿಂತರೆ ಉಳಿದ ಮೂವರಿಗೂ ನೆಲ ಗಟ್ಟಿ ಅನ್ನಿಸುತ್ತದೆ. ಟ್ಯಾಂಕ್ ಹೆದರಿ ಅತ್ತಿತ್ತ ಓಡಿದರೆ ಇಡೀ ಕಾಳಗ ಗಿರಗಿರ ತಿರುಗುತ್ತದೆ.

ಜನ ಟ್ಯಾಂಕ್ ಆಗಲು ಹೆದರುವುದು ಏಟಿಗಲ್ಲ, ಮುಂದೆ ನಡೆಯುವುದಕ್ಕೆ. ಯಾವ ದಾರಿ, ಎಷ್ಟು ಶತ್ರುಗಳನ್ನು ಒಟ್ಟಿಗೆ ಎಳೆಯಬೇಕು, ಎಲ್ಲಿ ನಿಲ್ಲಬೇಕು, ಎಲ್ಲ ಅವರದೇ ತೀರ್ಮಾನ. ಹಿಂದೆ ಮೂವರು ನೋಡುತ್ತಿರುತ್ತಾರೆ. ಅದಕ್ಕೇ ಇಂಥ ಬಹಳಷ್ಟು ಆಟಗಳಲ್ಲಿ ಟ್ಯಾಂಕ್‌ಗಳು ಕಮ್ಮಿ, ಡ್ಯಾಮೇಜ್‌ನವರು ಕ್ಯೂನಲ್ಲಿ ಕಾಯುತ್ತಾ ಕೂರುತ್ತಾರೆ. ವಾರ್‌ಕ್ರಾಫ್ಟ್ 2011ರಲ್ಲಿ ಕಮ್ಮಿ ಬಿದ್ದ ಪಾತ್ರದವರಿಗೆ ಹೆಚ್ಚುವರಿ ಬಹುಮಾನ ಇಟ್ಟಿತು, ಫೈನಲ್ ಫ್ಯಾಂಟಸಿಯಲ್ಲೂ ಆ ಬಗೆಯ ಬಹುಮಾನವಿದೆ. ನನಗೆ ಆ ಬಹುಮಾನ ಬೇಕಿರಲಿಲ್ಲ. ನಾನು ಮುಂದೆ ನಡೆಯುವಾಗ ಪ್ರತಿ ಸಲ ಎಳೆಯುವ ಮೊದಲು ಹೀಲರ್‌ನ ಮಾನಾ ಪಟ್ಟಿ ನೋಡುತ್ತೇನೆ. ಹೊಸ ಹೀಲರ್ ಆಗಿದ್ದರೆ ಒಂದು ಗುಂಪನ್ನು ಮಾತ್ರ ಎಳೆಯುತ್ತೇನೆ, ಪಳಗಿದವರಾಗಿದ್ದರೆ ಮುಂದಿನ ಬಾಗಿಲವರೆಗೆ ಎಲ್ಲವನ್ನೂ. ಅವರು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಎರಡು ಕಾಳಗ ಆಡಿದರೆ ಅವರ ವೇಗ ನನಗೆ ತಿಳಿಯುತ್ತದೆ. ಒಮ್ಮೆ ಆಟದ ಮೊಟ್ಟಮೊದಲ ಡಂಜನ್ ಆದ ಸಸ್ತಾಶಾದಲ್ಲಿ ಒಬ್ಬ ಹೊಸ ಹೀಲರ್ ಪ್ರತಿ ಕಾಳಗ ಮುಗಿದಾಗಲೂ ಕ್ಷಮೆ ಕೇಳುತ್ತಿದ್ದರು. ನಾನು ನಡಿಗೆ ನಿಧಾನ ಮಾಡಿದೆ, ಅಷ್ಟೇ. ಮೂರನೇ ಗುಂಪಿನ ಹೊತ್ತಿಗೆ ಕ್ಷಮೆ ನಿಂತಿತು. ಕೊನೆಯ ಬಾಸ್ ಹತ್ತಿರ ಅವರು ಏಟು ಬೀಳುವ ಮೊದಲೇ ಮಂತ್ರ ಶುರುಮಾಡಿದ್ದನ್ನು ಕಂಡು ನನಗಾದ ಖುಷಿ ಇವತ್ತಿಗೂ ಹೊಸದಾಗಿದೆ.

ಹೆಣ್ಣಿನ ಮಮತೆಯೇ ನನ್ನನ್ನು ಹೀಲರ್ ಮಾಡಿತು ಅನ್ನುವವರು ಇದನ್ನು ಹೇಗೆ ವಿವರಿಸುತ್ತಾರೆ? ಗುರಾಣಿ ಹಿಡಿದು ರಾಕ್ಷಸನ ಮುಂದೆ ನಿಂತಾಗ ನನಗೆ ಸಿಗುವ ಸಂತೋಷ, ಹಿಂದೆ ನಿಂತು ಮದ್ದು ಹಾಕುವಾಗ ಸಿಗುವ ಸಂತೋಷವೇ. ಎರಡರಲ್ಲೂ ಇಡೀ ಕಾಳಗ ಕಣ್ಣಿಗೆ ಕಾಣುತ್ತದೆ, ಎರಡರಲ್ಲೂ ನಾನು ಜಾಗ ಬಿಟ್ಟರೆ ಕಟ್ಟಡವೇ ಬೀಳುತ್ತದೆ.

ಮಾಳಮಡ್ಡಿಯ ಕಾಕಾ

ನನ್ನ ಕಾಕಾ ತಬಲಾ ಸಾಥಿ. ಧಾರವಾಡದ ಮಾಳಮಡ್ಡಿಯಲ್ಲಿ ಮನೆ, ಚಿಕ್ಕಂದಿನಲ್ಲಿ ಅವರ ಜೊತೆ ಎಷ್ಟೋ ಬೈಠಕ್‌ಗಳಿಗೆ ಹೋಗಿದ್ದೇನೆ. ವಿಲಂಬಿತ ಏಕತಾಳದಲ್ಲಿ ಖಯಾಲ್ ಶುರುವಾದರೆ ಹನ್ನೆರಡು ಮಾತ್ರೆಯ ಒಂದು ಆವರ್ತನ ಮುಗಿಯುವುದೇ ಒಂದು ದೊಡ್ಡ ಪ್ರಯಾಣ. ಅಷ್ಟೂ ಹೊತ್ತು ಕಾಕಾ ಬರೀ ಠೇಕಾ, ಅಂದರೆ ತಾಳದ ಮೂಲ ನಡೆ, ಹಿಡಿದು ಕೂಡುತ್ತಿದ್ದರು. ಕೈಯಲ್ಲಿ ಬೇಕಾದಷ್ಟು ಬೋಲ್ ಇದ್ದರೂ ಒಂದನ್ನೂ ಹೊರಗೆ ತೆಗೆಯುತ್ತಿರಲಿಲ್ಲ. ನನಗೆ ಬೇಸರವಾಗಿ ಒಮ್ಮೆ ಕೇಳಿದ್ದೆ, ನೀವ್ಯಾಕೆ ಜೋರಾಗಿ ಬಾರಿಸೂದಿಲ್ಲ ಅಂತ. “ಹಾಡೋರು ಎಲ್ಲಿಗೆ ಬೇಕಾದ್ರೂ ಹೋಗ್ಲಿ ತಂಗಿ, ತಿರುಗಿ ಬರ್ಲಿಕ್ಕೆ ಸಮ್ ಇದ್ದಲ್ಲೇ ಇರಬೇಕಲ್ಲ” ಎಂದಿದ್ದರು. ಸಮ್ ಎಂದರೆ ಆವರ್ತನದ ಮೊದಲ ಮಾತ್ರೆ. ಅವರ ಕಣ್ಣು ಕಚೇರಿಯುದ್ದಕ್ಕೂ ಗಾಯಕರ ಮುಖದ ಮೇಲೆಯೇ. ಉಸಿರು ಎಳೆದ ರೀತಿ ನೋಡಿ ತಾನ್ ಎಷ್ಟು ದೂರ ಹೋಗುತ್ತದೆ ಎಂದು ಅವರಿಗೆ ಮೊದಲೇ ತಿಳಿಯುತ್ತಿತ್ತು.

ಈಗ ಯೋಚಿಸಿದರೆ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತದೆ. ಕಾಕಾ ಸಾಥ್ ಕೊಡುವುದನ್ನು ನೋಡಿ ಯಾರೂ, ಅವರಿಗೆ ಹುಟ್ಟಿನಿಂದಲೇ ಬಂದದ್ದು ಬಿಡು ಎಂದು ಹೇಳಿದ್ದು ನಾನು ಕೇಳಿಲ್ಲ. ಯಾರ ಹತ್ತಿರ ಕಲಿತರು, ಎಷ್ಟು ವರ್ಷ ರಿಯಾಜ್ ಮಾಡಿದರು ಎಂದು ಕೇಳುತ್ತಿದ್ದರು. ಕಚೇರಿ ಮುಗಿದಮೇಲೆ ಗಾಯಕರು ಅವರ ಕೈ ಹಿಡಿದು ಮಾತಾಡಿಸುತ್ತಿದ್ದರು. ಕಾಕಾ ಪಾಪ, ಬೇರೆಯವರಿಗಾಗಿ ಬಾರಿಸಬೇಕಲ್ಲ ಎಂದು ಮರುಗಿದವರೂ ಇಲ್ಲ. ಮುಂದಿನದನ್ನು ಓದುವ ಕಣ್ಣು, ತಡೆದು ಹಿಡಿಯುವ ಕೈ ಅವರಲ್ಲಿ ಇದ್ದಾಗ ಅದು ಸಾಧನೆ. ನನ್ನಲ್ಲಿ ಇದ್ದಾಗ ಅದು ಹೆಣ್ಣುಜನ್ಮದ ಸ್ವಭಾವ. ಮನೆಯಲ್ಲಿ ನಾನು ಮಾಡುವ ಕೆಲಸವೂ ಕೌಶಲವೇ, ಅದನ್ನು ನಾನು ಕೀಳೆಂದು ಹೇಳುತ್ತಿಲ್ಲ. ಆದರೆ ಅಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಆಟದಲ್ಲಿ ಹಲವು ಬಗೆಯ ಆಯುಧ ಮುಂದಿಟ್ಟಾಗ ನಾನೇ ಕೈಚಾಚಿ ಇದನ್ನು ಎತ್ತಿಕೊಂಡೆ, ಕಲಿತೆ, ಪಳಗಿದೆ. ಈ ಎರಡನ್ನು ಒಂದೇ ಎಂದರೆ ನನ್ನ ಆಯ್ಕೆಯೂ ಹೋಯಿತು, ನನ್ನ ಕಲಿಕೆಯೂ ಹೋಯಿತು.

ಕೆಲಸ ಕೇಳಿದವರು

ಈ ಪಾತ್ರಗಳನ್ನೇ ತೆಗೆದುಹಾಕಿ ನೋಡಿದ ಆಟವೂ ಇದೆ. 2012ರಲ್ಲಿ ಬಂದ ಗಿಲ್ಡ್ ವಾರ್ಸ್ 2ರಲ್ಲಿ ಪ್ರತಿಯೊಬ್ಬರೂ ತಮ್ಮ ಮದ್ದನ್ನು ತಾವೇ ನೋಡಿಕೊಳ್ಳಬೇಕಿತ್ತು, ಹೀಲರ್‌ಗಾಗಿ ಕಾಯುವ ತೊಂದರೆ ಯಾರಿಗೂ ಬೇಡ ಎಂಬುದು ಅವರ ಆಲೋಚನೆ. ಕೇಳಲು ಚಂದ. ಆದರೆ 2015ರಲ್ಲಿ ಅದಕ್ಕೆ ರೇಡ್‌ಗಳು, ಅಂದರೆ ದೊಡ್ಡ ಗುಂಪು ಕಟ್ಟಿ ಆಡುವ ಕಷ್ಟದ ಕಾಳಗಗಳು, ಬಂದಾಗ, ಮೊದಲ ರೇಡ್‌ನ ಬಾಸ್‌ಗಳಲ್ಲೇ ಟಫ್‌ನೆಸ್ (ಏಟು ತಾಳುವ ಬಲ) ಹೆಚ್ಚಿದ್ದವರನ್ನು ಹುಡುಕಿಕೊಂಡು ಹೋಗುವಂಥದ್ದು ಬಂತು, ಅಂದರೆ ಟ್ಯಾಂಕ್ ಬಂತು. ರೇಂಜರ್ ಎಂಬ ಪಾತ್ರದವರಿಗೆ ಡ್ರೂಯಿಡ್ ಎಂಬ ಹೊಸ ಕವಲು ಬಂದು ಹೀಲರ್ ಕೂಡ ಬಂತು. ಕಷ್ಟದ ಕಾಳಗ ಕಟ್ಟಬೇಕಾದರೆ ಯಾರಾದರೂ ನಿಲ್ಲಬೇಕು, ಯಾರಾದರೂ ನೋಡಬೇಕು.

ಫೈನಲ್ ಫ್ಯಾಂಟಸಿಯಲ್ಲಿ ಈಗ ಇರುವುದು ಬೇರೆ ಸಮಸ್ಯೆ. 2024ರ ಜುಲೈ 2ರಂದು ಡಾನ್‌ಟ್ರೇಲ್ ವಿಸ್ತರಣೆ ಬಂತು. ಅದರ ಹಿಂದಿನ ತಿಂಗಳು ಅನೇಕ ಹೀಲರ್‌ಗಳು ಮುಷ್ಕರ ಘೋಷಿಸಿದರು. ಟ್ಯಾಂಕ್‌ಗಳಿಗೆ ತಮ್ಮನ್ನು ತಾವೇ ಗುಣಪಡಿಸಿಕೊಳ್ಳುವ ಶಕ್ತಿ ಎಷ್ಟು ಹೆಚ್ಚಾಗಿದೆಯೆಂದರೆ ಸಾಮಾನ್ಯ ಡಂಜನ್‌ಗಳಲ್ಲಿ ಹೀಲರ್‌ಗೆ ಕೆಲಸವೇ ಇಲ್ಲ, ಗ್ಲೇರ್ ಎಂಬ ಒಂದೇ ಮಂತ್ರವನ್ನು ಮತ್ತೆ ಮತ್ತೆ ಎಸೆಯುತ್ತಾ ನಿಲ್ಲಬೇಕಾಗಿದೆ ಎಂಬುದು ಅವರ ದೂರು. ನಾನು ಮುಷ್ಕರಕ್ಕೆ ಕೂಡಲಿಲ್ಲ, ಆದರೆ ಅವರ ದೂರಿನ ಒಂದೊಂದು ಮಾತಿಗೂ ನನ್ನ ಸಹಿ ಇದೆ. ಅವರು ಯಾವ ಹೊರೆಯನ್ನೂ ಇಳಿಸಿ ಎಂದು ಕೇಳಲಿಲ್ಲ. ನಮ್ಮ ಕೆಲಸ ನಮಗೆ ವಾಪಸ್ ಕೊಡಿ ಎಂದರು. ಬಿಡುವಿಲ್ಲದ ಕಾಳಗ ಕೊಡಿ, ತಪ್ಪು ಮಾಡಿದರೆ ಸಾಯುವ ಹಾಗಿರಲಿ, ಆಗ ನಮ್ಮ ಕಲಿಕೆಗೆ ಒಂದು ಬೆಲೆ ಇರುತ್ತದೆ ಎಂದರು.

ನನ್ನ ಬೇಡಿಕೆಯೂ ಅದೇ. ಟ್ಯಾಂಕ್ ಆಗಿ ನಿಂತಾಗ ನನ್ನ ಗಾಯ ತಾನಾಗಿ ಮಾಯುವುದು ಬೇಡ, ಹಿಂದೆ ಇರುವ ಹೀಲರ್‌ಗೆ ನನ್ನನ್ನು ಬದುಕಿಸಲು ನಿಜವಾಗಿ ಹೆಣಗಬೇಕಾಗಿ ಬರಲಿ. ಎಂಟು ಜನರ ರೇಡ್‌ನಲ್ಲಿ ಹೀಲರ್ ಆಗಿ ನಿಂತಾಗ ಎಂಟರಲ್ಲಿ ನಾಲ್ಕು ಪಟ್ಟಿ ಒಮ್ಮೆಗೇ ಕುಸಿಯಲಿ, ಮಾನಾ ಸಾಲದೆ ಬರಲಿ, ಯಾರನ್ನು ಮೊದಲು ಎಂಬ ತೀರ್ಮಾನವನ್ನು ಎರಡೂವರೆ ಸೆಕೆಂಡಿನೊಳಗೆ ಮಾಡಬೇಕಾಗಿ ಬರಲಿ. ಗದಗಿನ ಹುಡುಗ ಈಗ ಹೀಲರ್ ಕಲಿಯುತ್ತಿದ್ದಾನೆ, ಟ್ಯಾಂಕ್ ಜಾಗದಲ್ಲಿ ನಾನು. ಅವನಿಗೂ ಕಷ್ಟದ ರೇಡ್ ಬೇಕಂತೆ. ತಮ್ಮ ಡ್ರಾಗೂನ್ ಆಗಿಯೇ ಇದ್ದಾನೆ, ಎಂಟು ಜನ ಕೂಡಿಸುವ ಜವಾಬ್ದಾರಿ ಅವನೇ ಹೊತ್ತಿದ್ದಾನೆ. ಇನ್ನೂ ಇಬ್ಬರು ಬೇಕು.